ಕೋಟೆ ಮತ್ತು ಗರಡಿ: ಭಾರತದ ಮೋಟಾರು ಸಾಮ್ರಾಜ್ಯದ ಉದಯಾಸ್ತಮಾನ

1935ನೆಯ ಇಸವಿ. ಎಪ್ಪತ್ತರ ಗಡಿಯನ್ನು ಎಂದೋ ದಾಟಿದ್ದ ಕನ್ನಡ ನಾಡಿನ ಹಿರಿಯರೊಬ್ಬರು ಸಮುದ್ರಯಾನಕ್ಕೆ ಹೊರಟರು. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟಿಸಿದವರು, ಭದ್ರಾವತಿಯ ಕಾಡಿನಲ್ಲಿ ಕಬ್ಬಿಣದ ಕುಲುಮೆಗೆ ಉಸಿರೂದಿದವರು, ಆರು ವರ್ಷ ಮೈಸೂರು ಸಂಸ್ಥಾನದ ದಿವಾನಗಿರಿಯನ್ನು ನಿರ್ವಹಿಸಿ 1918ರಲ್ಲಿ ಅದರಿಂದ ಬಿಡುಗಡೆ ಹೊಂದಿದ್ದವರು ಅವರು. ಓರಗೆಯವರು ಕಾಶಿ ರಾಮೇಶ್ವರಗಳ ತೀರ್ಥಯಾತ್ರೆಯನ್ನು ನೆನೆಯುವ ವಯಸ್ಸಿನಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕೈಗೊಂಡದ್ದು ಕಾರ್ಖಾನೆಗಳ ಯಾತ್ರೆಯನ್ನು. ಯೂರೋಪು ಮತ್ತು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ತಜ್ಞರೊಡನೆ ಸಮಾಲೋಚಿಸಿ, ಭಾರತದಲ್ಲಿಯೇ ಮೋಟಾರು ಗಾಡಿಗಳನ್ನು ನಿರ್ಮಿಸುವ ಸಮಗ್ರ ಯೋಜನೆಯೊಂದನ್ನು ಅವರು ಸ್ವದೇಶಕ್ಕೆ ಹೊತ್ತು ತಂದರು. ಕೈಗಾರಿಕೆಯನ್ನು ಅಪ್ಪಿಕೊಳ್ಳದ ನಾಡಿಗೆ ಅಳಿವೇ ಗತಿಯೆಂದು ಜೀವಮಾನವಿಡೀ ಸಾರಿದ ಆ ಮಹಾಶಯರಿಗೆ ಮೋಟಾರು ಗಾಡಿ ಸಿರಿವಂತರ ವಿಲಾಸದ ವಸ್ತುವಾಗಿ ಕಾಣಲಿಲ್ಲ. ಉಕ್ಕು, ರಬ್ಬರು, ಗಾಜು, ಎರಕ, ಯಂತ್ರಶಿಲ್ಪ ಎಂಬ ನೂರು ಕಸುಬುಗಳನ್ನು ಒಂದೇ ನೂಲಿನಲ್ಲಿ ಪೋಣಿಸಬಲ್ಲ ಮಹೋದ್ಯಮವಾಗಿ ಅದು ಅವರಿಗೆ ತೋರಿತು. ಭಾರತದ ಕಾರು ಕೈಗಾರಿಕೆಯ ಇತಿಹಾಸವನ್ನು ಬರೆಯಹೊರಟವನು ಈ ಪ್ರಯಾಣದಿಂದಲೇ ಆರಂಭಿಸಬೇಕು. ಮುಂದೆ ಎಂಬತ್ತು ವರ್ಷಗಳಲ್ಲಿ ಕಟ್ಟಿದ ಕೋಟೆಗಳು, ಉರುಳಿದ ಸಿಂಹಾಸನಗಳು, ಬೀದಿಗೆ ಬಿದ್ದ ಕುಟುಂಬಗಳು, ಅನಿರೀಕ್ಷಿತವಾಗಿ ದೊರೆತ ವಿಜಯಗಳು ಇವೆಲ್ಲದರ ಬೀಜ ಆ ಯೋಜನೆಯಲ್ಲಿಯೇ ಅಡಗಿತ್ತು.

ಆ ಬೀಜ ಬಿದ್ದ ನೆಲ ಪರಾಧೀನವಾಗಿತ್ತು. ಅಂದಿನ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಬಹುಪಾಲು ಇಂಗ್ಲೆಂಡು ಅಮೆರಿಕಗಳಿಂದ ಬಂದವು. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಈ ನೆಲದಲ್ಲಿ ನೆಲೆಯೂರಿದ್ದವಾದರೂ, ಹಡಗಿನ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಭಾಗಗಳನ್ನು ಇಲ್ಲಿ ಜೋಡಿಸಿ ಮಾರುವುದಷ್ಟೇ ಅವುಗಳ ಕಾಯಕ. ಮುಕ್ತ ವಾಣಿಜ್ಯದ ಮಂತ್ರವನ್ನು ಲೋಕಕ್ಕೆ ಬೋಧಿಸಿದ ಬ್ರಿಟಿಷ್ ಪ್ರಭುತ್ವ ತನಗೆ ಅನುಕೂಲವಾದಲ್ಲಿ ಅದನ್ನು ಪಠಿಸುತ್ತಿತ್ತು, ಪ್ರತಿಕೂಲವಾದಲ್ಲಿ ಮರೆಯುತ್ತಿತ್ತು. ಜಮ್‌ಷೆಡ್‌ಪುರದ ಉಕ್ಕಿಗೆ 1924ರಲ್ಲಿ ಸುಂಕದ ರಕ್ಷಣೆ ದೊರೆತದ್ದು ದೀರ್ಘ ಹೋರಾಟದ ಫಲವಾಗಿ. ಇನ್ನೂ ಹುಟ್ಟಿಯೇ ಇರದ ಮೋಟಾರು ಕೈಗಾರಿಕೆಗೆ ಅಂಥ ಭಾಗ್ಯವನ್ನು ಕರುಣಿಸುವ ಮನಸ್ಸು ದೆಹಲಿಗಿರಲಿಲ್ಲ. ಮೈಸೂರು ಸರ್ಕಾರ ನೆರವಿನ ಹಸ್ತ ಚಾಚಲು ಒಲವು ತೋರಿತು. ಸಾರ್ವಭೌಮ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಬೆಂಬಲದ ಭರವಸೆ ನೀಡಿತು. 1939ರಲ್ಲಿ ಯುದ್ಧ ಸಿಡಿದಾಗ ಆ ಮಂತ್ರಿಮಂಡಲವೇ ರಾಜೀನಾಮೆಯಿತ್ತು ಹೊರನಡೆಯಿತು. ಸೈನ್ಯಕ್ಕೆ ಲಾರಿಗಳು ಸಾವಿರಗಟ್ಟಲೆ ಬೇಕಾಗಿದ್ದ ಕಾಲದಲ್ಲಿಯೂ ಅವನ್ನು ಕಡಲಾಚೆಯಿಂದ ತರಿಸಲಾಯಿತೇ ಹೊರತು, ಇಲ್ಲಿಯೇ ನಿರ್ಮಿಸುವ ಕಾರ್ಖಾನೆಗೆ ಪ್ರೋತ್ಸಾಹ ಸಿಗಲಿಲ್ಲ. ರಾಜಾಶ್ರಯವಿಲ್ಲದೆ ಉದ್ಯಮವಿಲ್ಲವೆಂಬ ಪಾಠವನ್ನು ನಮ್ಮ ಹಿರಿಯರು ಗ್ರಂಥಗಳಿಂದ ಕಲಿಯಲಿಲ್ಲ, ಈ ನಿರಾಕರಣೆಗಳಿಂದ ಕಲಿತರು. ಸ್ವತಂತ್ರ ಭಾರತ ತನ್ನ ಕೈಗಾರಿಕೆಯ ಸುತ್ತ ಅಷ್ಟೊಂದು ಎತ್ತರದ ಗೋಡೆಯನ್ನು ಏಕೆ ಕಟ್ಟಿತೆಂದು ಇಂದು ಅಚ್ಚರಿಪಡುವವರು ಈ ಹಳೆಯ ಗಾಯವನ್ನು ಮರೆಯಬಾರದು.

ವಿಶ್ವೇಶ್ವರಯ್ಯನವರ ಕನಸಿಗೆ ಹೆಗಲು ಕೊಟ್ಟವರು ಸೊಲ್ಲಾಪುರದ ಸಾಹಸಿ ವಾಲ್‌ಚಂದ್ ಹೀರಾಚಂದ್. 1919ರಲ್ಲಿ ಸಿಂಧಿಯಾ ನೌಕಾ ಕಂಪನಿಯನ್ನು ಕಟ್ಟಿ ಬ್ರಿಟಿಷ್ ಹಡಗುಗಳ ಏಕಸ್ವಾಮ್ಯಕ್ಕೆ ಸವಾಲೆಸೆದ ಈ ಪುರುಷಸಿಂಹನ ಮಹತ್ವಾಕಾಂಕ್ಷೆ ನೆಲ, ಜಲ, ಆಕಾಶ ಮೂರನ್ನೂ ವ್ಯಾಪಿಸಿತ್ತು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಅವರು ಅಡಿಪಾಯ ಹಾಕಿದರು. ವಿಮಾನಕ್ಕೆ ದೊರೆತ ಅನುಗ್ರಹ ಕಾರಿಗೆ ದೊರೆಯದಿದ್ದುದು ವಿಧಿಯ ವೈಚಿತ್ರ್ಯ. ಆದರೂ ಅವರು ಎದೆಗುಂದಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಗೊಂಡು, ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ ಮುಂಬಯಿಯ ಕುರ್ಲಾದಿಂದ 1947ರಲ್ಲಿ, ಸ್ವಾತಂತ್ರ್ಯದ ವರ್ಷದಲ್ಲಿಯೇ, ಮೊದಲ ವಾಹನಗಳನ್ನು ಹೊರತಂದಿತು. ಪ್ರೀಮಿಯರ್ ಸ್ಥಾಪನೆಗೆ ಎರಡು ವರ್ಷ ಮೊದಲೇ, 1942ರಲ್ಲಿ, ಬಿರ್ಲಾ ಮನೆತನದ ಬ್ರಜಮೋಹನ ಬಿರ್ಲಾ ಅವರು ಗುಜರಾತಿನ ಓಖಾ ಬಂದರಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸ್ಥಾಪಿಸಿದ್ದರು. 1948ರಲ್ಲಿ ಆ ಸಂಸ್ಥೆ ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ದಡದ ಉತ್ತರಪಾಡಾಕ್ಕೆ ತನ್ನ ರಾಜಧಾನಿಯನ್ನು ವರ್ಗಾಯಿಸಿತು. ದಕ್ಷಿಣದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ಸ್ ಮೂರನೆಯ ರಾಜ್ಯವಾಗಿ ತಲೆಯೆತ್ತಿತು. ಹೀಗೆ ಪೂರ್ವ, ಪಶ್ಚಿಮ, ದಕ್ಷಿಣ ದಿಕ್ಕುಗಳಲ್ಲಿ ಮೂರು ಮನೆತನಗಳು ಸ್ವತಂತ್ರ ಭಾರತದ ಮೋಟಾರು ಭೂಪಟವನ್ನು ಹಂಚಿಕೊಂಡವು.

ಕೋಟೆಯ ಗೋಡೆ ಎದ್ದದ್ದು ಇದರ ಬೆನ್ನಿಗೇ. 1951ರ ಕೈಗಾರಿಕಾ ಅಧಿನಿಯಮ ಯಾವ ಉದ್ಯಮಿ ಏನನ್ನು, ಎಷ್ಟು ಪ್ರಮಾಣದಲ್ಲಿ ಉತ್ಪಾದಿಸಬೇಕೆಂಬುದನ್ನು ಲೈಸೆನ್ಸಿಗೆ ಒಳಪಡಿಸಿತು. 1953ರಲ್ಲಿ ಸುಂಕ ಆಯೋಗ ತನ್ನ ಐತಿಹಾಸಿಕ ಶಿಫಾರಸನ್ನು ಮುಂದಿಟ್ಟಿತು: ವಾಹನದ ಭಾಗಗಳನ್ನು ಹಂತಹಂತವಾಗಿ ಇಲ್ಲಿಯೇ ತಯಾರಿಸುವ ಕಾರ್ಯಕ್ರಮವುಳ್ಳವರಿಗೆ ಮಾತ್ರ ಇಲ್ಲಿ ನೆಲೆ; ಬರಿಯ ಜೋಡಣೆಯಿಂದ ಲಾಭ ಮಾಡುವವರು ಗಂಟುಮೂಟೆ ಕಟ್ಟಬೇಕು. ಸರ್ಕಾರ ಅದನ್ನು ಅಂಗೀಕರಿಸಿತು. 1954ರ ಹೊತ್ತಿಗೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎಂಬ ಅಮೆರಿಕದ ಎರಡು ದಿಗ್ಗಜಗಳು ಭಾರತದ ನೆಲದಿಂದ ಹಿಂದೆ ಸರಿದವು. ಇನ್ನೂ ಏಳು ವರ್ಷ ತುಂಬದ ಸ್ವತಂತ್ರ ರಾಷ್ಟ್ರವೊಂದು ಜಗತ್ತಿನ ಬಲಾಢ್ಯ ಕಂಪನಿಗಳಿಗೆ ತನ್ನ ಷರತ್ತನ್ನು ವಿಧಿಸಿ, ಒಪ್ಪದಿದ್ದಾಗ ಬೀಳ್ಕೊಟ್ಟ ಆ ಕ್ಷಣ ನಿಜಕ್ಕೂ ಧೀರವಾದದ್ದು. ಆ ನಿರ್ಧಾರವಿಲ್ಲದೆ ಹೋಗಿದ್ದರೆ ಎರಕದ ಮನೆಗಳಾಗಲಿ, ಗೇರು ಕೊರೆಯುವ ಯಂತ್ರಶಾಲೆಗಳಾಗಲಿ, ನಾಡಿನ ತುಂಬ ಹಬ್ಬಿದ ಬಿಡಿಭಾಗಗಳ ಸಣ್ಣ ಕಾರ್ಖಾನೆಗಳಾಗಲಿ ಆ ವೇಗದಲ್ಲಿ ಹುಟ್ಟುತ್ತಿರಲಿಲ್ಲ. ಶತ್ರುವಿನ ದಾಳಿಗೆ ಸಿಕ್ಕಿ ಬೆಂದ ನಾಡು ಮೊದಲು ಕೋಟೆಯನ್ನೇ ಕಟ್ಟುತ್ತದೆ. ಚಿತ್ರದುರ್ಗದ ಏಳು ಸುತ್ತನ್ನು ಕಂಡ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಈ ಕೋಟೆಯೊಳಗೆ 1957ರಲ್ಲಿ ಅಂಬಾಸಿಡರ್ ಪಟ್ಟಕ್ಕೇರಿತು. ಅದರ ವಂಶಮೂಲ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿದೆ. ಸೈಕಲ್ ರಿಪೇರಿಯಿಂದ ಬದುಕು ಆರಂಭಿಸಿದ ವಿಲಿಯಂ ಮೋರಿಸ್ 1913ರಲ್ಲಿ ಹೊರತಂದ ಮೋರಿಸ್ ಆಕ್ಸ್‌ಫರ್ಡ್ ಎಂಬ ಹೆಸರಿನ ಪರಂಪರೆಯಲ್ಲಿ, 1956ರಲ್ಲಿ ಮೂಡಿದ ಮೂರನೆಯ ಶ್ರೇಣಿಯ ಆಕ್ಸ್‌ಫರ್ಡ್ ಕಾರೇ ನಮ್ಮ ಅಂಬಾಸಿಡರ್. ಮಾತೃಭೂಮಿಯಲ್ಲಿ ಆ ಮಾದರಿ 1959ರಲ್ಲಿಯೇ ಅಸ್ತಂಗತವಾಯಿತು. ಉತ್ತರಪಾಡಾದಲ್ಲಿ ಅದು ಅರ್ಧ ಶತಮಾನಕ್ಕೂ ಮಿಕ್ಕಿ ಆಳಿತು. ಗುಂಡಗಿನ ತಲೆ, ಅಗಲವಾದ ಹೆಗಲು, ಹಳ್ಳದಿಣ್ಣೆಗಳಿಗೆ ಜಗ್ಗದ ಗಟ್ಟಿ ದೇಹ, ಉದ್ದನೆಯ ಸೀಟುಗಳು, ಸ್ಟೀರಿಂಗಿನ ಬಳಿಯ ಕೈಗೇರು ಇದ್ದ ಈ ಗಾಡಿ ಒಂದಿಡೀ ಯುಗದ ಮುದ್ರೆಯಾಯಿತು. ವಿಧಾನಸೌಧದ ಮೆಟ್ಟಿಲ ಬಳಿ ಬಂದು ನಿಂತ ಬಿಳಿಯ ಅಂಬಾಸಿಡರ್ ಕಂಡರೆ ಮಂತ್ರಿಗಳು ಬಂದರೆಂದೇ ಅರ್ಥ. ಮದುವೆಯ ದಿಬ್ಬಣಕ್ಕೆ ಹೂವಿನ ಹಾರ ಹೊತ್ತದ್ದು, ಧರ್ಮಸ್ಥಳ ತಿರುಪತಿಗಳ ಯಾತ್ರೆಗೆ ಅಜ್ಜಿ ಮೊಮ್ಮಕ್ಕಳಾದಿಯಾಗಿ ಇಡೀ ಸಂಸಾರವನ್ನು ಒಡಲಲ್ಲಿಟ್ಟುಕೊಂಡು ಘಟ್ಟ ಹತ್ತಿದ್ದು, ಕೆಟ್ಟು ನಿಂತಲ್ಲಿ ಹಳ್ಳಿಯ ಮೆಕ್ಯಾನಿಕ್ಕನ ಸ್ಪ್ಯಾನರಿಗೆ ಒಲಿದದ್ದು ಇದೇ ಗಾಡಿ. ಪಶ್ಚಿಮದಲ್ಲಿ ಪ್ರೀಮಿಯರ್ ಸಂಸ್ಥೆಯ ಫಿಯಟ್ 1100, ಮುಂದೆ ಪದ್ಮಿನಿ ಎಂಬ ರಾಣಿಯ ಹೆಸರು ತಾಳಿ, ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಆ ಮಹಾನಗರದ ಜೀವನಾಡಿಯಾಯಿತು. ದಕ್ಷಿಣದ ಸ್ಟ್ಯಾಂಡರ್ಡ್ ಹೆರಾಲ್ಡ್ ವಕೀಲರು ವೈದ್ಯರ ಮನೆಗಳ ಮುಂದೆ ನಿಂತಿತು. ಆ ದಿನಗಳ ಅಭಿಮಾನವನ್ನು ಇಂದು ಹಗುರವಾಗಿ ಕಾಣುವುದು ಅಪಚಾರ. ಅದು ನಮ್ಮ ತಂದೆತಾಯಿಗಳು ಬೆವರು ಸುರಿಸಿ ಗಳಿಸಿದ ಗೌರವ.

ಆದರೆ ಕೋಟೆಯನ್ನು ಕಟ್ಟಿದವರು ಗರಡಿಯನ್ನು ಕಟ್ಟಲಿಲ್ಲ. ಮಟ್ಟಿ ಇಲ್ಲದೆ, ಉಸ್ತಾದನಿಲ್ಲದೆ, ಎದುರಿಗೆ ತೊಡೆ ತಟ್ಟಿ ನಿಲ್ಲುವ ಜೋಡಿಯಿಲ್ಲದೆ ಪೈಲ್ವಾನ ಬೆಳೆಯುವುದುಂಟೆ? ಲೈಸೆನ್ಸಿನ ಅಂಕೆಗಿಂತ ಹೆಚ್ಚು ಕಾರು ಮಾಡಿದರೆ ಅಪರಾಧ; ಹೊಸ ಯಂತ್ರವನ್ನೋ ಅಚ್ಚನ್ನೋ ತರಿಸಬೇಕೆಂದರೆ ವಿದೇಶಿ ವಿನಿಮಯಕ್ಕೆ ದೆಹಲಿಯಲ್ಲಿ ವರ್ಷಗಟ್ಟಲೆ ಕಾಯಬೇಕು. 1957ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ನಂತರ ಆ ಹಗ್ಗ ಇನ್ನಷ್ಟು ಬಿಗಿಯಾಯಿತು. 1959ರ ಆದೇಶವೊಂದು ಕಾರುಗಳ ವಿತರಣೆ ಮತ್ತು ಮಾರಾಟವನ್ನೇ ಸರ್ಕಾರದ ನಿಯಂತ್ರಣಕ್ಕೆ ತಂದಿತು. 1969ರಲ್ಲಿ ಬೆಲೆಯನ್ನೂ ಸರ್ಕಾರವೇ ಗೊತ್ತುಪಡಿಸತೊಡಗಿದಾಗ ತಯಾರಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಜನಸಾಮಾನ್ಯರಿಗೆ ಎಟುಕುವ ಅಗ್ಗದ ಸಣ್ಣ ಕಾರು ಬೇಕೆಂದು ಎಲ್. ಕೆ. ಝಾ ಸಮಿತಿ 1960ರಲ್ಲಿಯೇ ಹೇಳಿತ್ತು; ಆ ಮಾತು ಎರಡು ದಶಕಗಳ ಕಾಲ ಕಡತದಲ್ಲಿಯೇ ಉಳಿಯಿತು. ಇತ್ತ ಕೊಳ್ಳುವವನು ಹಣ ಕಟ್ಟಿ ಚೀಟಿ ಪಡೆದು ವರ್ಷಗಳ ಕಾಲ ಸರದಿಯಲ್ಲಿ ನಿಂತ. ಮಾಡಿದ್ದೆಲ್ಲ ಮಾರಾಟವಾಗುವಲ್ಲಿ ಚೆನ್ನಾಗಿ ಮಾಡಬೇಕೆಂಬ ಹಂಬಲ ಬತ್ತುತ್ತದೆ. ಬೆಲೆ ಕಟ್ಟಿಹಾಕಿದಲ್ಲಿ ಹೊಸದನ್ನು ಶೋಧಿಸುವ ಬಂಡವಾಳವೂ ಬತ್ತುತ್ತದೆ. 1963ರ ಸುಮಾರಿಗೆ ಮಾರ್ಕ್ ಎರಡು, 1975ರಲ್ಲಿ ಮಾರ್ಕ್ ಮೂರು, 1979ರಲ್ಲಿ ಮಾರ್ಕ್ ನಾಲ್ಕು ಎಂದು ಅಂಬಾಸಿಡರಿನ ಬಿರುದಾವಳಿ ಬೆಳೆಯುತ್ತ ಹೋಯಿತು. ಮುಂಭಾಗದ ಜಾಲರಿ ಬದಲಾಯಿತು, ಒಳಗಿನ ದೇಹ ಬದಲಾಗಲಿಲ್ಲ. ಎಪ್ಪತ್ತು ಕೋಟಿ ಜನರ ರಾಷ್ಟ್ರ ಎಂಬತ್ತರ ದಶಕದ ಹೊಸ್ತಿಲಲ್ಲಿ ವರ್ಷಕ್ಕೆ ತಯಾರಿಸುತ್ತಿದ್ದ ಕಾರುಗಳು ಮೂವತ್ತು ನಲವತ್ತು ಸಾವಿರವನ್ನು ದಾಟುತ್ತಿರಲಿಲ್ಲ. ಹೊರಗಿನ ವೈರಿಯನ್ನು ತಡೆದ ಗೋಡೆಯೇ ಒಳಗಿನ ಗಾಳಿಯನ್ನೂ ತಡೆದಿತ್ತು.

ರಾಜಾಶ್ರಯದ ಈ ದೌರ್ಬಲ್ಯ ನಮ್ಮೊಬ್ಬರದೇ ಎಂದು ಕೊರಗಬೇಕಾಗಿಲ್ಲ. ಅಂಬಾಸಿಡರಿನ ತವರುಮನೆಯ ಗತಿಯನ್ನು ನೋಡಿ. 1950ರಲ್ಲಿ ಬ್ರಿಟನ್ ಜಗತ್ತಿಗೇ ಅತಿ ಹೆಚ್ಚು ಕಾರುಗಳನ್ನು ರಫ್ತು ಮಾಡುವ ರಾಷ್ಟ್ರವಾಗಿತ್ತು. ಮೋರಿಸ್ ಮತ್ತು ಆಸ್ಟಿನ್ ಮನೆತನಗಳು 1952ರಲ್ಲಿ ಒಂದಾದವು. 1968ರಲ್ಲಿ, ವಿಲ್ಸನ್ ಸರ್ಕಾರದ ಒತ್ತಾಸೆಯೊಂದಿಗೆ, ಮೋರಿಸ್, ಆಸ್ಟಿನ್, ಜಾಗ್ವಾರ್, ರೋವರ್, ಟ್ರಯಂಫ್ ಮೊದಲಾದ ಕೀರ್ತಿವಂತ ಹೆಸರುಗಳೆಲ್ಲ ಬ್ರಿಟಿಷ್ ಲೇಲ್ಯಾಂಡ್ ಎಂಬ ಏಕಛತ್ರದಡಿ ಸೇರಿದವು. ಆ ಒಕ್ಕೂಟಕ್ಕೆ ಗಾತ್ರವಿತ್ತು, ಐಕಮತ್ಯವಿರಲಿಲ್ಲ. ಒಂದೇ ಮನೆಯ ಕಾರುಗಳು ಪರಸ್ಪರ ಕಾದಾಡಿದವು, ಮುಷ್ಕರಗಳು ಕಾರ್ಖಾನೆಗಳನ್ನು ಮತ್ತೆ ಮತ್ತೆ ನಿಲ್ಲಿಸಿದವು, ಗುಣಮಟ್ಟ ಕುಸಿಯಿತು. 1974ರ ಅಂತ್ಯಕ್ಕೆ ಬೊಕ್ಕಸ ಬರಿದಾದಾಗ ಸರ್ಕಾರ ಧಾವಿಸಿತು. 1975ರಲ್ಲಿ, ಸಂಸ್ಥೆಯ ಸ್ಥಿತಿಯನ್ನು ಪರಿಶೀಲಿಸಿದ ರೈಡರ್ ವರದಿಯ ಬೆನ್ನಿಗೆ, ಆ ಸಾಮ್ರಾಜ್ಯ ರಾಷ್ಟ್ರದ ಸ್ವತ್ತಾಯಿತು. ಮಾರುಕಟ್ಟೆಯ ಮಹಿಮೆಯನ್ನು ಸಾರಿ ಅಧಿಕಾರಕ್ಕೆ ಬಂದ ಮಾರ್ಗರೆಟ್ ಥ್ಯಾಚರ್ ಕೂಡ, ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆ ಎದುರಾದಾಗ, ಮೊದಲ ವರ್ಷಗಳಲ್ಲಿ ಖಜಾನೆಯ ಬಾಗಿಲನ್ನು ಮುಚ್ಚಲಾರದೆ ಹೋದರು. ನೂರಾರು ಕೋಟಿ ಪೌಂಡುಗಳು ಆ ಒಡಲಿಗೆ ಸುರಿದವು. ರೋವರ್ ಸಮೂಹವೆಂದು ಹೆಸರು ಬದಲಿಸಿಕೊಂಡಿದ್ದ ಆ ಸಂಸ್ಥೆಯನ್ನು 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್ ಕೊಂಡಿತು, 1994ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕೊಂಡಿತು, 2000ದಲ್ಲಿ ರೋವರ್ ಕಾರುಗಳ ಉದ್ಯಮ ಕೇವಲ ಹತ್ತು ಪೌಂಡಿಗೆ ಕೈಬದಲಾಯಿತು. 2005ರ ಏಪ್ರಿಲಿನಲ್ಲಿ ಲಾಂಗ್‌ಬ್ರಿಡ್ಜ್ ಕಾರ್ಖಾನೆ ನಿಂತುಹೋದಾಗ ಸುಮಾರು ಆರು ಸಾವಿರ ಕಾರ್ಮಿಕರು ಕೆಲಸ ಕಳೆದುಕೊಂಡರು. ಇದೇ ಬ್ರಿಟನ್ನಿನ ಸಂಡರ್‌ಲ್ಯಾಂಡಿನಲ್ಲಿ 1986ರಲ್ಲಿ ಜಪಾನಿನ ನಿಸ್ಸಾನ್ ಹೊಸ ಕಾರ್ಖಾನೆ ತೆರೆದಾಗಲೂ ಅದಕ್ಕೆ ಸರ್ಕಾರದ ಧನಸಹಾಯವಿತ್ತು. ಕೊಟ್ಟವನು ಒಬ್ಬನೇ, ಒಂದೆಡೆ ಆ ಹಣ ಹಳೆಯ ಸಿಂಹಾಸನಕ್ಕೆ ಊರುಗೋಲಾಯಿತು, ಇನ್ನೊಂದೆಡೆ ಹೊಸ ವಿದ್ಯೆಗೆ ಗುರುದಕ್ಷಿಣೆಯಾಯಿತು.

ಅಂಥದೇ ಗುರುದಕ್ಷಿಣೆಯ ಕಾಲ ಭಾರತಕ್ಕೂ ಒದಗಿತು, ಅದೂ ವಿಫಲವಾದ ಸಾಹಸವೊಂದರ ಬೂದಿಯಿಂದ. ಸಂಜಯ ಗಾಂಧಿಯವರ ಸಣ್ಣ ಕಾರಿನ ಕನಸಾಗಿ 1971ರಲ್ಲಿ ಹುಟ್ಟಿದ ಮಾರುತಿ ಕಂಪನಿ, ಅಧಿಕಾರದ ಪೂರ್ಣ ಕೃಪೆಯಿದ್ದೂ, ಜನರ ಕೈಗೆ ಕಾರನ್ನು ಕೊಡಲಾರದೆ ಮುಚ್ಚಿಹೋಯಿತು. ಬರಿಯ ಕೃಪೆಯಿಂದ ವಿದ್ಯೆ ಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ? 1980ರಲ್ಲಿ ಅವರು ಅಕಾಲ ಮರಣಕ್ಕೆ ತುತ್ತಾದ ಬಳಿಕ ಸಂಸತ್ತು ಶಾಸನದ ಮೂಲಕ ಆ ಆಸ್ತಿಯನ್ನು ವಶಪಡಿಸಿಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್ ಎಂಬ ಸರ್ಕಾರಿ ಸಂಸ್ಥೆ ಜನ್ಮ ತಾಳಿತು. ವಿ. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಆ ಸಂಸ್ಥೆ ಹಿಂದಿನವರು ಮಾಡದ ಕೆಲಸವೊಂದನ್ನು ಮಾಡಿತು. ಹಳೆಯ ಅಚ್ಚನ್ನು ಕೊಂಡು ತರುವುದಕ್ಕೆ ಬದಲಾಗಿ ಉಸ್ತಾದನನ್ನೇ ಮನೆಗೆ ಕರೆತಂದಿತು. 1982ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದವಾಯಿತು. ಆ ಕಂಪನಿಗೆ ಶೇಕಡ 26ರ ಪಾಲು, ಉಳಿದದ್ದು ಸರ್ಕಾರದ್ದು. ಲಾಭನಷ್ಟಗಳಲ್ಲಿ ಪಾಲುದಾರನಾದ ಗುರು ವಿದ್ಯೆಯನ್ನು ಬಚ್ಚಿಡುವುದಿಲ್ಲ. ಆಮದಾಗುವ ಭಾಗಗಳ ಸುಂಕದಲ್ಲಿ ರಿಯಾಯಿತಿ ದೊರೆಯಿತು. ಪ್ರತಿಯಾಗಿ ವರ್ಷದಿಂದ ವರ್ಷಕ್ಕೆ ದೇಶೀಯ ಭಾಗಗಳ ಪ್ರಮಾಣವನ್ನು ಏರಿಸಬೇಕೆಂಬ ಕರಾರೂ ಬಿತ್ತು. 1983ರ ಡಿಸೆಂಬರ್ 14ರಂದು, ಸಂಜಯ ಗಾಂಧಿಯವರ ಜನ್ಮದಿನದಂದೇ, ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಇಂದಿರಾ ಗಾಂಧಿಯವರು ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದರು. ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸು. ಮುಂಗಡ ಕಟ್ಟಿ ಕಾದವರು ಲಕ್ಷಕ್ಕೂ ಮಿಕ್ಕು. ಗುಡಗಾಂವಿನ ಆ ಕಾರ್ಖಾನೆಯಲ್ಲಿ ವ್ಯವಸ್ಥಾಪಕರೂ ಕಾರ್ಮಿಕರೂ ಒಂದೇ ಸಮವಸ್ತ್ರ ತೊಟ್ಟು, ಒಂದೇ ಊಟದ ಮನೆಯಲ್ಲಿ ಉಂಡರು. ಹೀಗೆ ಕೋಟೆಯ ನಡುವೆ ಮೊದಲ ಗರಡಿ ಎದ್ದಿತು, ಅದನ್ನು ಎಬ್ಬಿಸಿದ್ದು ಸರ್ಕಾರವೇ. ಸರ್ಕಾರದ ಹಸ್ತಕ್ಷೇಪವೆಲ್ಲ ಕೇಡೆಂದು ವಾದಿಸುವವರಿಗೂ, ಅದೆಲ್ಲ ಕಲ್ಯಾಣವೆಂದು ನಂಬುವವರಿಗೂ ಗುಡಗಾಂವ್ ಏಕಕಾಲಕ್ಕೆ ಉತ್ತರ ಕೊಡುತ್ತದೆ.

ಹಳೆಯ ಮೂರು ಮನೆತನಗಳು ನಿದ್ದೆಯಿಂದ ಬೆಚ್ಚಿ ಎದ್ದವು. ಆದರೆ ಶಸ್ತ್ರಾಗಾರಕ್ಕೆ ಓಡಿದಾಗ ಕೈಗೆ ಸಿಕ್ಕಿದ್ದು ಪರರು ತ್ಯಜಿಸಿದ ಆಯುಧಗಳು. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಹೊರತಂದ ಕಾಂಟೆಸ್ಸಾ, ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ ಕೈಬಿಟ್ಟಿದ್ದ ಮಾದರಿ. ಪ್ರೀಮಿಯರ್ ಸಂಸ್ಥೆಯ 118ಎನ್‌ಇ ಫಿಯಟ್ ಕಂಪನಿಯ ಅರವತ್ತರ ದಶಕದ ವಿನ್ಯಾಸದ ಕುಡಿ. ಮದರಾಸಿನ ಸ್ಟ್ಯಾಂಡರ್ಡ್ 1985ರಲ್ಲಿ ಬಿಡುಗಡೆ ಮಾಡಿದ ಸ್ಟ್ಯಾಂಡರ್ಡ್ 2000ಕ್ಕೆ ರೋವರ್ ಕಂಪನಿಯ ಸುಂದರ ದೇಹವಿತ್ತು, ಎದೆಯಲ್ಲಿ ಮಾತ್ರ ಹಳೆಯ ವ್ಯಾನ್‌ಗಾರ್ಡ್ ಪರಂಪರೆಯ ಎಂಜಿನ್. ಯುವರಾಜನ ಉಡುಪು ತೊಟ್ಟ ಆ ವೃದ್ಧ ಮೂರೇ ವರ್ಷಗಳಲ್ಲಿ ಕುಸಿದು, 1988ರಲ್ಲಿ ಅದರ ತಯಾರಿಕೆಯೇ ನಿಂತಿತು. ಮೂರು ರಾಜ್ಯಗಳಲ್ಲಿ ಮೊದಲು ಮುಳುಗಿದ್ದು ದಕ್ಷಿಣದ್ದು. ನಮ್ಮ ಬೆಂಗಳೂರಿನಲ್ಲಿಯೂ ಅದೇ ಹೊತ್ತಿಗೆ ಪುಟ್ಟ ಪಾಳೆಯಪಟ್ಟೊಂದು ಧೀರ ಪ್ರಯತ್ನ ನಡೆಸಿತ್ತು. ಸಿಪಾನಿ ಸಂಸ್ಥೆ 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಂಪನಿಯ ಮಾದರಿಯಿಂದ ಡಾಲ್ಫಿನ್ ಎಂಬ ಫೈಬರ್ ದೇಹದ ಹಗುರ ಕಾರನ್ನು ಹೊರತಂದಿತು. ಮಾರುತಿಯ ಮಹಾಪ್ರವಾಹದ ಮುಂದೆ ಆ ದೋಣಿ ನಿಲ್ಲಲಾರದೆ ಹೋಯಿತು. ಇವರಲ್ಲಿ ಯಾರನ್ನೂ ಹೇಡಿಗಳೆನ್ನಲಾಗದು. ದಶಕಗಳ ಕಾಲ ಓಟವನ್ನೇ ನಿಷೇಧಿಸಿ, ಒಂದು ಬೆಳಗ್ಗೆ ಏಕಾಏಕಿ ಓಡೆಂದರೆ ಯಾವ ಕಾಲಿಗೆ ತ್ರಾಣವಿದ್ದೀತು?

1991ರ ಜುಲೈ 24ರಂದು ಹಣಕಾಸು ಮಂತ್ರಿ ಮನಮೋಹನ ಸಿಂಗರು ಮಂಡಿಸಿದ ಆಯವ್ಯಯ ಪತ್ರ ಹಾಗೂ ಅಂದೇ ಪ್ರಕಟವಾದ ಕೈಗಾರಿಕಾ ನೀತಿ ಲೈಸೆನ್ಸ್ ಯುಗದ ಮರಣಶಾಸನವಾದವು. ಕಾರುಗಳಿಗೆ ಮುಕ್ತಿ ದೊರೆತದ್ದು ಇನ್ನೂ ಎರಡು ವರ್ಷಗಳ ನಂತರ, 1993ರಲ್ಲಿ. ಹೆಬ್ಬಾಗಿಲು ತೆರೆಯಿತು. 1954ರಲ್ಲಿ ಹೊರನಡೆದಿದ್ದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ನಾಲ್ಕು ದಶಕಗಳ ವನವಾಸ ಮುಗಿಸಿ ಮರಳಿದವು; ಕೊರಿಯಾದ ದೇವೂ ಬಂದಿತು, ಹ್ಯುಂಡೈ ಮದರಾಸಿನ ಬಳಿಯ ಶ್ರೀಪೆರಂಬುದೂರಿನಲ್ಲಿ ಪಾಳೆಯ ಹೂಡಿತು. ನಮ್ಮ ಬಿಡದಿಯಲ್ಲಿ ಟೊಯೋಟ ಮತ್ತು ಕಿರ್ಲೋಸ್ಕರ್ ಜೊತೆಗೂಡಿ ಕಟ್ಟಿದ ಕಾರ್ಖಾನೆಯಿಂದ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ವಾಹನಗಳ ತಯಾರಿಕೆ ಆರಂಭವಾಯಿತು. ವಿಶ್ವೇಶ್ವರಯ್ಯನವರು ಯೋಜನೆ ಹೊತ್ತು ಮರಳಿದ ಅರವತ್ತು ವರ್ಷಗಳಿಗೂ ಮಿಕ್ಕ ಕಾಲದ ಮೇಲೆ ಹಳೆಯ ಮೈಸೂರು ಸೀಮೆಯ ಮಣ್ಣಿನಲ್ಲಿ ಮಹಾ ಮೋಟಾರು ಕಾರ್ಖಾನೆಯೊಂದರ ಸೈರನ್ನು ಮೊಳಗಿತು. ಹೊಸಬರಿಗೆ ಸರ್ಕಾರ ದೇಶೀಕರಣದ ಷರತ್ತನ್ನು ವಿಧಿಸಿತ್ತು. ಯೂರೋಪು ಅಮೆರಿಕಗಳು ಅದನ್ನು ವಿಶ್ವ ವಾಣಿಜ್ಯ ಸಂಸ್ಥೆಯ ಕಟಕಟೆಗೆ ಎಳೆದವು. 2001ರಲ್ಲಿ ತೀರ್ಪು ಭಾರತದ ವಿರುದ್ಧ ಬಂದಿತು. ಅದೇ ವರ್ಷದ ಏಪ್ರಿಲಿನಿಂದ ಆಮದಿನ ಪರಿಮಾಣ ನಿರ್ಬಂಧಗಳೂ ಅಳಿದವು. ಉಳಿದದ್ದು ಸುಂಕದ ಗೋಡೆಯೊಂದೇ, ಅದು ಮಾತ್ರ ಇನ್ನೂ ಎತ್ತರವಾಗಿಯೇ ನಿಂತಿತ್ತು. ಈ ಗೋಡೆಯಿದ್ದುದರಿಂದಲೇ ಹೊರಗಿನವರು ಸಿದ್ಧ ಕಾರುಗಳನ್ನು ಹಡಗಿನಲ್ಲಿ ಕಳುಹಿಸುವ ಬದಲು ಇಲ್ಲಿ ಬಂದು ಕಾರ್ಖಾನೆ ಕಟ್ಟಿದರು. ಒಳಗೆ ಲೈಸೆನ್ಸಿನ ಬೇಲಿಗಳು ಬಿದ್ದುದರಿಂದಲೇ ಪರಸ್ಪರ ಕಾದು ಬೆಳೆದರು. ಕೋಟೆ, ಗರಡಿ ಎರಡೂ ಒಟ್ಟಿಗೆ ಕೂಡಿಬಂದ ಪರ್ವಕಾಲವದು.

ಆ ಪರ್ವದ ಪರಮ ಫಲ ಒಂದು ದಶಕದೊಳಗೆ ಕೈಸೇರಿತು. ಲಾರಿಗಳಿಗೆ ಹೆಸರಾಗಿದ್ದ ಟಾಟಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಇಂಡಿಕಾ ಕಾರನ್ನು ಲೋಕಾರ್ಪಣೆ ಮಾಡಿತು. ಅದು ಎರವಲು ಅಚ್ಚಿನ ಕಾರಾಗಿರದೆ ಭಾರತೀಯ ಸಂಸ್ಥೆಯೊಂದು ತನ್ನದೆಂದು ಹೇಳಿಕೊಳ್ಳಬಲ್ಲ ಸೃಷ್ಟಿಯಾಗಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 2008ರ ಜೂನಿನಲ್ಲಿ, ಅದೇ ಟಾಟಾ ಸಂಸ್ಥೆ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎಂಬ ಬ್ರಿಟನ್ನಿನ ಎರಡು ಮುಕುಟಮಣಿಗಳನ್ನು ಫೋರ್ಡ್ ಕಂಪನಿಯಿಂದ 230 ಕೋಟಿ ಡಾಲರಿಗೆ ಕೊಂಡಿತು. ಎರಡೂ ಒಂದು ಕಾಲಕ್ಕೆ ಬ್ರಿಟಿಷ್ ಲೇಲ್ಯಾಂಡಿನ ಭಂಡಾರದಲ್ಲಿದ್ದವು, ಅಂಬಾಸಿಡರಿನ ತವರಿನ ದಾಯಾದಿಗಳು! ಯಾರು ನಮಗೆ ಕಾರ್ಖಾನೆ ಕಟ್ಟಲು ಅನುಮತಿ ನಿರಾಕರಿಸಿದ್ದರೋ ಅವರ ನಾಡಿನ ಕಾರ್ಖಾನೆಗಳಿಗೆ ಭಾರತೀಯರು ಒಡೆಯರಾದರು. ಕಾಲಚಕ್ರದ ಈ ತಿರುವನ್ನು ಕಂಡು ಎದೆಯುಬ್ಬದ ಭಾರತೀಯನಿಲ್ಲ. ಆದರೆ ಮುಕ್ತ ಅಂಗಳವೂ ಯಾರಿಗೂ ಶಾಶ್ವತ ಸಿಂಹಾಸನವನ್ನು ಬರೆದುಕೊಡುವುದಿಲ್ಲ. ಜನರಲ್ ಮೋಟಾರ್ಸ್ 2017ರಲ್ಲಿ ಭಾರತದಲ್ಲಿ ಮಾರಾಟವನ್ನು ನಿಲ್ಲಿಸಿತು; ಫೋರ್ಡ್ 2021ರಲ್ಲಿ ತಯಾರಿಕೆಗೆ ವಿದಾಯ ಘೋಷಿಸಿತು; ಗುಜರಾತಿನ ಸಾಣಂದದಲ್ಲಿದ್ದ ಅದರ ಕಾರ್ಖಾನೆ ಟಾಟಾ ವಶಕ್ಕೆ ಬಂದಿತು. ಮೊದಲ ಸಲ ಅವರನ್ನು ಸರ್ಕಾರದ ಶಾಸನ ಹೊರಗೆ ಕಳುಹಿಸಿತ್ತು. ಎರಡನೆಯ ಸಲ ಕಳುಹಿಸಿದ್ದು ಕೊಳ್ಳುವವನ ತೀರ್ಪು.

ಅತ್ತ ಹೂಗ್ಲಿಯ ತೀರದಲ್ಲಿ ಸಂಧ್ಯಾಕಾಲ ಇಳಿಯುತ್ತಿತ್ತು. ಎಂಬತ್ತರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಕಾರುಗಳ ಶಿಖರ ಮುಟ್ಟಿದ್ದ ಅಂಬಾಸಿಡರ್, 2013–14ರ ವೇಳೆಗೆ ಎರಡೂಕಾಲು ಸಾವಿರದ ಆಸುಪಾಸಿಗೆ ಇಳಿದಿತ್ತು. ತೊಂಬತ್ತರ ದಶಕದಲ್ಲಿ ಇಸುಜು ಎಂಜಿನ್ ಜೋಡಿಸಿದರು, 2004ರಲ್ಲಿ ಅವಿಗೋ ಎಂಬ ಹೊಸ ಅಲಂಕಾರ ತೊಡಿಸಿದರು. ಬಹುಕಾಲ ಅದನ್ನು ಕಾದದ್ದು ಸರ್ಕಾರಿ ಇಲಾಖೆಗಳ ಖರೀದಿ ಮತ್ತು ಕಲ್ಕತ್ತೆಯ ಹಳದಿ ಟ್ಯಾಕ್ಸಿ. ಹೊಸ ಶತಮಾನದ ಆರಂಭದಲ್ಲಿ ಪ್ರಧಾನಮಂತ್ರಿಗಳೇ ಭದ್ರತೆಯ ಕಾರಣಕ್ಕೆ ಜರ್ಮನ್ ಕಾರನ್ನೇರಿದಾಗ ಆ ಕೊನೆಯ ರಾಜಮರ್ಯಾದೆಯೂ ಕಳಚಿತು. 2014ರ ಮೇ 24ರಂದು ಉತ್ತರಪಾಡಾದ ದ್ವಾರಕ್ಕೆ ಕೆಲಸ ಸ್ಥಗಿತದ ನೋಟೀಸು ಬಿದ್ದಿತು. ಎರಡೂವರೆ ಸಾವಿರದಷ್ಟು ಕಾರ್ಮಿಕರು ಆ ಕಾಗದದ ಮುಂದೆ ನಿಂತರು. ಅವರಲ್ಲಿ ತಂದೆಯ ಬಳಿಕ ಮಗ ಅದೇ ಯಂತ್ರದ ಮುಂದೆ ನಿಂತ ಮನೆತನಗಳಿದ್ದವು. ಲೈಸೆನ್ಸಿನ ಅಂಕೆಯನ್ನು ಗೊತ್ತುಮಾಡಿದ್ದು ಅವರಲ್ಲ, ಹೊಸ ಅಚ್ಚು ಬೇಡವೆಂದದ್ದು ಅವರಲ್ಲ, ಹೆಬ್ಬಾಗಿಲು ತೆರೆಯುವ ದಿನವನ್ನು ಆರಿಸಿದ್ದೂ ಅವರಲ್ಲ. ಪರಾಭವದ ಕಂದಾಯವನ್ನು ಮಾತ್ರ ಅವರೇ ತೆತ್ತರು. ಸಾಮ್ರಾಜ್ಯ ಪತನಗಳ ಕಥೆ ಬರೆಯುವವರು ದೊರೆಗಳ ಹೆಸರನ್ನು ನೆನೆದು ಕಾಲಾಳುಗಳನ್ನು ಮರೆಯುವುದು ರೂಢಿ. ಈ ಬರವಣಿಗೆ ಆ ರೂಢಿಗೆ ಸೇರದಿರಲಿ. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು ಫ್ರಾನ್ಸಿನ ಪ್ಯೂಜೊ ಸಮೂಹಕ್ಕೆ 80 ಕೋಟಿ ರೂಪಾಯಿಗೆ ಮಾರಾಟವಾಯಿತು. ಪಶ್ಚಿಮದ ರಾಣಿ ಪದ್ಮಿನಿಯ ತಯಾರಿಕೆ ಶತಮಾನದ ಸಂಧಿಯಲ್ಲಿಯೇ ನಿಂತಿತ್ತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಅದರ ಕೊನೆಯ ಟ್ಯಾಕ್ಸಿಯೂ ನಿವೃತ್ತವಾಯಿತು.

ಈ ದೀರ್ಘ ಕಥನದಿಂದ ವಾರಸುದಾರರಾದ ನಾವು ಏನನ್ನು ಎತ್ತಿಕೊಳ್ಳಬೇಕು? ಕೋಟೆ ಕಟ್ಟಿದ್ದೇ ಅಪರಾಧವೆಂದು ಕೆಲವರು ತೀರ್ಪು ಕೊಡುತ್ತಾರೆ. ಆ ಕೋಟೆಯಿಲ್ಲದಿದ್ದರೆ ಮಾರುತಿಗೆ ಭಾಗಗಳನ್ನು ಒದಗಿಸುವ ಕೈಗಳು, ಇಂಡಿಕಾವನ್ನು ರೂಪಿಸಿದ ಬುದ್ಧಿಗಳು ಎಲ್ಲಿಂದ ಬರುತ್ತಿದ್ದವು? ಬಾಗಿಲು ತೆರೆದದ್ದೇ ದ್ರೋಹವೆಂದು ಬೇರೆ ಕೆಲವರು ಹೇಳುತ್ತಾರೆ. ತೆರೆಯದಿದ್ದರೆ ಇಂದಿಗೂ ನಾವು 1956ರ ಕಾರಿಗಾಗಿ ಚೀಟಿ ಹಿಡಿದು ನಿಂತಿರುತ್ತಿದ್ದೆವು. ತಪ್ಪು ನಡೆದದ್ದು ಇವೆರಡರ ನಡುವಿನ ಅವಧಿಯಲ್ಲಿ. ರಕ್ಷಣೆಗೆ ಗಡುವು ಇರಲಿಲ್ಲ, ರಕ್ಷಿತನಿಗೆ ಪರೀಕ್ಷೆ ಇರಲಿಲ್ಲ, ಬಾಗಿಲು ತೆರೆಯುವ ಮುನ್ನ ದುಡಿಯುವವನಿಗೆ ಬೇರೆ ವಿದ್ಯೆ ಕಲಿಸುವ ಮುಂದಾಲೋಚನೆ ಇರಲಿಲ್ಲ. ಇದು ಮುಗಿದ ಕಥೆಯಲ್ಲ. 1991ರ ಆ ದಿನಕ್ಕೆ ಸರಿಯಾಗಿ ಮೂವತ್ತನಾಲ್ಕು ವರ್ಷ ತುಂಬಿದಂದು, 2025ರ ಜುಲೈ 24ರಂದು, ಭಾರತ ಮತ್ತು ಬ್ರಿಟನ್ ವಾಣಿಜ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಗೊತ್ತಾದ ಸಂಖ್ಯೆಯ ಮಿತಿಯೊಳಗೆ ಬ್ರಿಟಿಷ್ ಕಾರುಗಳ ಮೇಲಿನ ಸುಂಕ ಶೇಕಡ ನೂರಕ್ಕೂ ಮಿಕ್ಕ ಎತ್ತರದಿಂದ ಹಂತಹಂತವಾಗಿ ಶೇಕಡ ಹತ್ತಕ್ಕೆ ಇಳಿಯಬೇಕೆಂದು ಅದರಲ್ಲಿ ಒಪ್ಪಿಗೆಯಾಯಿತು. ವಿದ್ಯುತ್ ವಾಹನಗಳ ಹೊಸ ಯುಗದಲ್ಲಿ ಬ್ಯಾಟರಿಗೂ ಬಿಡಿಭಾಗಕ್ಕೂ ಸರ್ಕಾರ ಮತ್ತೆ ಪ್ರೋತ್ಸಾಹಧನ ನೀಡುತ್ತಿದೆ. ಗೋಡೆಯ ಒಂದು ಪಾರ್ಶ್ವ ಇಳಿಯುತ್ತಿದೆ, ಇನ್ನೊಂದು ಪಾರ್ಶ್ವ ಏರುತ್ತಿದೆ. ರಕ್ಷಣೆ ಪಡೆದವನು ಎಷ್ಟು ವರ್ಷದಲ್ಲಿ ತನ್ನ ಕಾಲ ಮೇಲೆ ನಿಲ್ಲಬೇಕು, ಸೋತವನ ಮನೆಯ ಒಲೆಯನ್ನು ಯಾರು ಕಾಯಬೇಕು ಎಂದು ದೊರೆಗಳನ್ನು ಕೇಳುವ ಹಕ್ಕು ನಮಗಿದೆ. ಆ ಹಕ್ಕನ್ನು ಉತ್ತರಪಾಡಾದ ಕಾರ್ಮಿಕರು ತಮ್ಮ ಅನ್ನವನ್ನು ಬೆಲೆಯಾಗಿ ತೆತ್ತು ನಮಗೆ ಗಳಿಸಿಕೊಟ್ಟಿದ್ದಾರೆ.

ಹೌರಾದಿಂದ ಉತ್ತರಕ್ಕೆ ಹೊರಡುವ ಲೋಕಲ್ ರೈಲು ಉತ್ತರಪಾಡಾವನ್ನು ದಾಟಿದೊಡನೆ ಒಂದು ನಿಲ್ದಾಣದಲ್ಲಿ ನಿಲ್ಲುತ್ತದೆ. ಆ ನಿಲ್ದಾಣದ ಹೆಸರು ಹಿಂದ್ ಮೋಟರ್. ಊರಿಗೂ ನಿಲ್ದಾಣಕ್ಕೂ ಹೆಸರು ಕೊಟ್ಟ ಕಾರ್ಖಾನೆ ಮೌನವಾಗಿದೆ. ಹೆಸರು ಮಾತ್ರ ಹಲಗೆಯ ಮೇಲೆ ಉಳಿದಿದೆ. ವಿಜಯನಗರದ ಅರಸರು ಹೋಗಿ ಶತಮಾನಗಳು ಕಳೆದರೂ ಹಂಪೆಯ ಕಲ್ಲುಕಂಬಗಳ ಬೀದಿಯನ್ನು ನಾವು ಇಂದಿಗೂ ಬಜಾರ್ ಎಂದೇ ಕರೆಯುತ್ತೇವಲ್ಲವೇ? ಹಾಗೆಯೇ ಇದು. ಪ್ರತಿ ಮುಂಜಾನೆ ಆ ನಿಲ್ದಾಣದಲ್ಲಿ ಬುತ್ತಿ ಹಿಡಿದ ಜನ ರೈಲು ಹತ್ತುತ್ತಾರೆ. ಒಂದು ಕಾಲಕ್ಕೆ ಕೆಲಸಕ್ಕೆಂದು ಜನ ಬಂದು ಇಳಿಯುತ್ತಿದ್ದ ಊರಿನಿಂದ ಇಂದು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೊರಡುತ್ತಾರೆ.